ಮಾರಿ ತೊಳೆದು ಕಳಿಸಿದ ರಕ್ತ

ಬಳ್ಳಾರಿಯಲ್ಲಿ ಎದುರು ಬಂದವರು "ಊಟಾ ಆತೇನ್ರಿ?" ಅಂದರೆ "ಆತ್ರಿ, ನಿಮ್ದು?" ಅಂದು ಮುಂದಕ್ಕೆ ನಡೆಯಬೇಕು. ಆಗಿರಲಿ ಬಿಡಲಿ, ಆತು ಅನ್ನಬೇಕು. ನಮ್ಮ ಕಡೆ ಅದು ನಮಸ್ಕಾರ ಇದ್ದ ಹಾಗೆ, ನಿಜವಾದ ಉತ್ತರ ಯಾರಿಗೂ ಬೇಕಿರುವುದಿಲ್ಲ. ಬೇಕು ಅನ್ನುತ್ತಿದ್ದವರನ್ನು ನಾನು ನೋಡಿದ್ದು ಒಬ್ಬರನ್ನೇ. ಎಂಬತ್ತರ ದಶಕದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಡಾಕ್ಟ್ರಮ್ಮ.

"ಆತ್ರಿ" ಅಂದವರನ್ನು ಅವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಏನು ಊಟ?" ಅನ್ನುವರು. "ರೊಟ್ಟಿ ಪಲ್ಯಾರಿ." "ಯಾವ ಪಲ್ಯ?" "ಪುಂಡಿಪಲ್ಯ." "ಅದಕ್ಕ ಏನು ನುಚ್ಚು ಹಾಕಿದ್ರಿ, ಜೋಳದ್ದೋ ಅಕ್ಕಿದೋ?" ಇಷ್ಟು ಹೊತ್ತಿಗೆ ಪಾಪ, ಎದುರಿಗಿದ್ದವನ ಮುಖ ಪೋಲೀಸರ ಮುಂದೆ ನಿಂತವನ ಹಾಗೆ ಆಗಿರುತ್ತಿತ್ತು. ನಮ್ಮ ಓಣಿಯ ಗಂಡಸರು ಅವರು ಬರುವುದು ಕಂಡರೆ ಸೈಕಲ್ಲನ್ನು ಇನ್ನೊಂದು ಸಂದಿಗೆ ತಿರುಗಿಸುತ್ತಿದ್ದರು. "ಹೇಣ್ತಿ ಏನು ಅಡಿಗಿ ಮಾಡ್ಯಾಳ ಅಂತ ಈ ಯಮ್ಮಗ ಯಾಕ ಬೇಕಲೇ?" ಅಂತ ಹಿಂದೆ ಬೈದುಕೊಳ್ಳುವರು. ಹೆಂಗಸರು ಮಾತ್ರ ನಿಂತು ಹೇಳುತ್ತಿದ್ದರು. ನಾವು ಮಾಡಿದ ಅಡಿಗೆಯ ಬಗ್ಗೆ ಅಷ್ಟು ಆಸ್ಥೆಯಿಂದ ಇನ್ನಾರು ಕೇಳಿದ್ದರು ಹೇಳಿ!

ಹೋದ ತಿಂಗಳು ಆದೋನಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. "ಹೆಸರು ರಕ್ತದ ಸೀಸೆ ಮ್ಯಾಲೆ ಬರೀರಿ, ತಪ್ಪದಂಗ ಬರೀರಿ. ಬ್ಯಾರೆ ಕಡೆ ಯಾಕ?" ಅನ್ನುತ್ತಿದ್ದವರು ಅವರು.

ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆಯ ವಿಭಾಗದ ಡಾಕ್ಟರು. ರೋಗಿಗಳ ನಾಡಿ ಹಿಡಿಯುವವರಲ್ಲ, ಸೂಕ್ಷ್ಮದರ್ಶಕದ ಮುಂದೆ ಕೂತು ಊರಿನ ರಕ್ತವನ್ನೆಲ್ಲ ನೋಡುವವರು. ಓಣಿಯ ಮಂದಿ ಅವರಿಗೆ ಇಟ್ಟ ಹೆಸರು "ರಗತದಮ್ಮ". ಈ ಹೆಸರು ಕೇಳಿ ಹೊಸಬರು ಹೆದರುತ್ತಿದ್ದರು. ಕುಳ್ಳಗೆ, ದುಂಡಗೆ, ದಪ್ಪ ಕನ್ನಡಕ. ಸೆರಗನ್ನು ಸೊಂಟಕ್ಕೆ ಸಿಗಿಸಿ ಮೆಟ್ಟಿಲು ಇಳಿದರೆ ಇಡೀ ಮಾಳಿಗೆ ಸದ್ದು ಮಾಡುತ್ತಿತ್ತು. ಮನೆಮಾತು ತೆಲುಗು. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುವರು, ಆದರೆ ಆಶ್ಚರ್ಯವಾದರೆ ಮಾತ್ರ "ಅವುನಾ?" ಅನ್ನುವರು. ದಿನಕ್ಕೆ ಎಷ್ಟು ಸಲ ಅವರಿಗೆ ಆಶ್ಚರ್ಯ ಆಗುತ್ತಿತ್ತೋ ಆ ಶಿವನಿಗೇ ಗೊತ್ತು. ಅಡಿಗೆ ಮಾಡಲು ಬರುತ್ತಿರಲಿಲ್ಲ. ಬೆಳಿಗ್ಗೆ ಮೂಲೆಯ ಅಂಗಡಿಯ ಒಗ್ಗಾಣಿ ಮಿರ್ಚಿ, ರಾತ್ರಿ ನಮ್ಮ ಮನೆಯಿಂದ ಹೋದ ಬುತ್ತಿ.

ಮದುವೆ ಯಾಕೆ ಆಗಲಿಲ್ಲ ಅಂತ ಅವರನ್ನು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನಮ್ಮ ಅತ್ತೆಯವರಿಗೆ ಬಿಟ್ಟು. ಅತ್ತೆಗೆ ಬಾಯಿ ಅಂದರೆ ಬಾಯಿ. ಬಂದ ತಿಂಗಳೊಳಗೇ ಕೇಳಿಬಿಟ್ಟರು. ಡಾಕ್ಟ್ರಮ್ಮ ಸಿಟ್ಟಾಗಲಿಲ್ಲ. "ನೋಡಾಕ ಬಂದೋರೆಲ್ಲ ನನಗ ಪ್ರಶ್ನಿ ಕೇಳಿದ್ರು ಪೆದ್ದಮ್ಮಾ. ನಾ ತಿರುಗಿ ಒಂದು ಕೇಳಿದೆ ಅಂದ್ರ ಎದ್ದು ಹೋಗೋರು," ಅಂದರು. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ಪೆದ್ದಮ್ಮ ಅಂದರೆ ತೆಲುಗಿನಲ್ಲಿ ದೊಡ್ಡಮ್ಮ.

ಸಂಜೆಯಾದರೆ ಯಾರಾದರೂ ಒಬ್ಬರು ಮಡಚಿದ ರಿಪೋರ್ಟು ಹಿಡಿದು ಮೆಟ್ಟಿಲು ಹತ್ತುವುದು ಇದ್ದದ್ದೇ. ಒಮ್ಮೆ ಕೊಳಗಲ್ಲಿನ ರೈತನೊಬ್ಬ ಬಂದ. "ಏನೈತಿ ನೋಡಿ ಹೇಳ್ರಿ ಅಮ್ಮಾರ," ಅಂತ ಕಾಗದ ಕೊಟ್ಟ. ಡಾಕ್ಟ್ರಮ್ಮ ಅದನ್ನು ಬಿಚ್ಚಲೇ ಇಲ್ಲ, ತೊಡೆಯ ಕೆಳಗೆ ಇಟ್ಟುಕೊಂಡರು. 

"ಮೊದ್ಲು ಹೇಳಪ್ಪಾ, ರಕ್ತ ಯಾಕ ತೆಗಿಸಿದಿ?" 

"ಡಾಕ್ಟ್ರು ಬರದ್ರು, ಕೊಟ್ಟೆ." 

"ಅವರು ಯಾಕ ಬರದ್ರು? ನಿನಗ ಏನಾಗ್ತಿತ್ತು?" 

"ಅದೆಲ್ಲ ಕಾಗದದಾಗ ಇರಂಗಿಲ್ಲೇನ್ರಿ?" 

"ಇರಂಗಿಲ್ಲ. ಇದರಾಗ ಬರೇ ಉತ್ತರ ಇರ್ತೈತಿ. ಪ್ರಶ್ನಿ ನಿನ್ನ ಹತ್ರ ಐತಿ, ಅದನ್ನ ತಾ." 

ಆತ ಉಸಿರು ಹತ್ತುವುದು, ಕಾಲು ಊದುವುದು ಎಲ್ಲ ಹೇಳಿದ ಮೇಲೆಯೇ ಕಾಗದ ಹೊರಗೆ ಬಂದದ್ದು. "ರಿಪೋರ್ಟಿನಾಗ ಏನೂ ಇಲ್ಲ" ಅಂತ ಯಾರಾದರೂ ಅಂದರೆ ಅವರಿಗೆ ಉರಿದು ಹೋಗುತ್ತಿತ್ತು. "ಏನೂ ಇಲ್ಲ ಅಂತಲ್ಲ. ಕೇಳಿದ್ದಕ್ಕ ರಕ್ತ ಹೂಂ ಅನ್ನಲಿಲ್ಲ ಅಂತ. ಬ್ಯಾರೆ ಏನರ ಕೇಳಿದ್ರ ಅಂತಿತ್ತೋ ಏನೋ!"

ಇನ್ನು ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಡಾಕ್ಟ್ರಮ್ಮನ ಬಗ್ಗೆ ಹೇಳಿ ಗಿರಿಜಾಳ ಬಗ್ಗೆ ಹೇಳದಿದ್ದರೆ ಸಾರಿಗೆ ಉಪ್ಪು ಹಾಕದೆ ಬಡಿಸಿದ ಹಾಗೆ.

ನನ್ನ ತವರು ಸಿರುಗುಪ್ಪ. ಬಳ್ಳಾರಿಗೆ ಸೊಸೆಯಾಗಿ ಬಂದೆ, ಹುಡುಗಿಯರ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನಮ್ಮ ಮನೆಯವರದು ಬಟ್ಟೆ ಅಂಗಡಿ. ಗಿರಿಜಾಗೆ ಐದು ತುಂಬಿದ್ದರೂ ನೋಡಿದವರು ಮೂರು ಅನ್ನುತ್ತಿದ್ದರು. ಕೈಕಾಲು ಪೀಚು, ಹೊಟ್ಟೆ ಮಾತ್ರ ಉಬ್ಬಿ ಮುಂದೆ. ಭೇದಿ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಜಂತುಹುಳಕ್ಕೆ ಔಷಧ ಆಯಿತು, ತಾಯತ ಆಯಿತು, ದೃಷ್ಟಿ ತೆಗೆದದ್ದಾಯಿತು, ಟಾನಿಕ್ಕಿನ ಸೀಸೆಗಳಂತೂ ಕಪಾಟಿನ ತುಂಬ.

ಆದರೆ ಒಂದು ವಿಚಿತ್ರ ಇತ್ತು. ಬೇಸಿಗೆ ರಜೆಯಲ್ಲಿ ತವರಿಗೆ ಕರೆದುಕೊಂಡು ಹೋದರೆ ಮಗು ಚಿಗುರುತ್ತಿತ್ತು. ಗಲ್ಲ ತುಂಬುವುದು, ಹೊಟ್ಟೆ ಇಳಿಯುವುದು, ಮಂದಿ ಮಾತಿಗೆ ನಗುವುದು. ಬಳ್ಳಾರಿಗೆ ಬಂದು ತಿಂಗಳೊಳಗೆ ಮತ್ತೆ ಹಳೇ ಪಾಡು. ಹಿರಿಯರೆಲ್ಲ ಸೇರಿ ಒಂದೇ ಮಾತು ಅಂದರು: "ಬಳ್ಳಾರಿ ನೀರು ಕೂಸಿಗೆ ಒಗ್ಗವಲ್ದು." ನೀರು ಒಗ್ಗದಿದ್ದರೆ ಮಾಡುವುದೇನು? ಊರು ಬಿಡಿಸಬೇಕು. ಮುಂದಿನ ವರ್ಷ ಜೂನಿಗೆ ಗಿರಿಜಾಳನ್ನು ಸಿರುಗುಪ್ಪದ ಶಾಲೆಗೇ ಹಾಕುವುದು, ಅವಳು ಅಜ್ಜ ಅಜ್ಜಿಯ ಹತ್ತಿರವೇ ಬೆಳೆಯುವುದು ಅಂತ ನಮ್ಮ ಮನೆಯವರೂ ಒಪ್ಪಿಬಿಟ್ಟರು. ಹೆತ್ತವಳು ನಾನು ಏನು ಹೇಳಲಿ? ಇಟ್ಟುಕೊಂಡರೆ ಕಣ್ಣ ಮುಂದೆ ಸೊರಗುತ್ತಾಳೆ, ಕಳಿಸಿದರೆ ಉಳಿಯುತ್ತಾಳೆ, ಆದರೆ ನನ್ನ ಮಡಿಲಲ್ಲಿ ಅಲ್ಲ. ಗಿರಿಜಾಗೂ ಇದು ಹೇಗೋ ತಿಳಿದುಬಿಟ್ಟಿತ್ತು. ಯಾರಾದರೂ ಚೀಲ ತುಂಬುವುದು ಕಂಡರೆ ಸಾಕು, ಬಂದು ನನ್ನ ಸೀರೆ ಹಿಡಿದು ನಿಲ್ಲುವಳು.

ಅತ್ತೆಗೆ ಇದರಲ್ಲಿ ಅವಮಾನ ಬೇರೆ. "ನಿಮ್ಮ ತವರಿನ ನೀರು ಅಮೃತ, ನಮ್ಮ ಮನಿ ನೀರು ವಿಷ, ಅಲ್ಲೇನವಾ?" ಅಂತ ಕುಟುಕುವರು. ಒಂದು ಸಂಜೆ ಇದೇ ಮಾತು ನಡೆದಾಗ ಡಾಕ್ಟ್ರಮ್ಮ ಬುತ್ತಿಯ ಡಬ್ಬಿ ಕೊಡಲು ಕೆಳಗೆ ಬಂದಿದ್ದರು. 

"ಪೆದ್ದಮ್ಮಾ, ಸಿರುಗುಪ್ಪದಾಗ ಯಾವ ನೀರು ಕುಡಿತಾರ?" 

"ಹೊಳಿ ನೀರು. ತುಂಗಭದ್ರಾದ್ದು." 

"ಇಲ್ಲಿ ನಳದಾಗ ಬರೋದು?" 

"ಕಾಲುವಿ ನೀರು." 

"ಕಾಲುವಿಗೆ ಎಲ್ಲಿಂದ ಬರ್ತೈತಿ?" 

"ಅದೇ ತುಂಗಭದ್ರಾದ್ದು..." 

"ಅವುನಾ?" ಅಂದರು ಡಾಕ್ಟ್ರಮ್ಮ, ತಮಗೂ ಈಗಲೇ ಗೊತ್ತಾದ ಹಾಗೆ.

ಮಾತಿಗೆ ಅಂದು ಬಿಡುವವರಲ್ಲ ಅವರು. "ಹಂಗಾರ ನೋಡೇ ಬಿಡೋಣ," ಅಂತ ಸಿರುಗುಪ್ಪದಿಂದ ನೀರು ತರಿಸಿದರು. ನಮ್ಮಪ್ಪ ವಾರಕ್ಕೊಮ್ಮೆ ಎರಡು ಕ್ಯಾನು ಹೊಳೆ ನೀರು ಬಸ್ಸಿಗೆ ಹಾಕುತ್ತಿದ್ದರು. "ಬಳ್ಳಾರ್ಯಾಗ ನೀರು ಬತ್ತಿ ಹೋತೇನ್ರಿ ಯಜಮಾನ್ರೇ?" ಅಂತ ಕಂಡಕ್ಟರ್ ಚೇಷ್ಟೆ ಮಾಡಿದನಂತೆ. ತಿಂಗಳ ಮೇಲೆ ಗಿರಿಜಾ ಆ ನೀರನ್ನೇ ಕುಡಿದಳು. ಹೊಟ್ಟೆ ಇಳಿಯಲಿಲ್ಲ, ಭೇದಿ ನಿಲ್ಲಲಿಲ್ಲ. ನನಗೆ ಅಳು ಬಂತು. ಡಾಕ್ಟ್ರಮ್ಮನ ಮುಖ ಮಾತ್ರ ಅರಳಿತ್ತು. "ನೀರಲ್ಲ ಅಂತಾತಲ್ಲ ಟೀಚರಮ್ಮಾ! ಒಂದು ಬಾಗಲಾ ಮುಚ್ಚಿತು. ಇನ್ನ ಬ್ಯಾರೆ ಬಾಗಲಾ ತಟ್ಟಬೇಕು."

ರಜೆ ಹಾಕಿ ಸಿರುಗುಪ್ಪಕ್ಕೇ ಹೋದರು, ನನ್ನ ತವರಿಗೆ. ಅಪ್ಪ ಕೆಂಚನಗುಡ್ಡ ತೋರಿಸುತ್ತೇನೆ ಬನ್ನಿ ಅಂತ ಕರೆದುಕೊಂಡು ಹೋದರೆ, ಅಲ್ಲಿಯ ಹಳೇ ಗೋಡೆಗಳನ್ನು ನೋಡುವುದು ಬಿಟ್ಟು ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದ ಹೆಂಗಸರ ಮಧ್ಯೆ ಹೋಗಿ ಕೂತರಂತೆ. ನಮ್ಮವ್ವನ ಒಲೆಯ ಮುಂದೆ ಕೂತು ಎರಡು ದಿನ ಕೇಳಿದ್ದೇ ಕೇಳಿದ್ದು. ಅಲ್ಲಿ ಗದ್ದೆಯ ಅಕ್ಕಿ, ಮೂರು ಹೊತ್ತೂ ಅನ್ನ, ನಡುವೆ ಜೋಳದ ರೊಟ್ಟಿ. "ಗೋಧಿ?" ಅಂದರೆ ಅವ್ವ, "ಹಬ್ಬಕ್ಕೊಮ್ಮೆ ಹೋಳಿಗಿಗೆ ಬೇಕಾಕ್ಕೈತಿ, ಅಷ್ಟ," ಅಂದಳಂತೆ.

ವಾಪಸು ಬಂದವರು ಸೀದಾ ನಮ್ಮ ಅಡಿಗೆಮನೆಗೆ ನುಗ್ಗಿದರು. ಅತ್ತೆಯ ತವರು ಕುರುಗೋಡು. ಅಲ್ಲಿಯ ಎರೆಹೊಲದ ಗೋಧಿ ಅಂದರೆ ಅವರಿಗೆ ಪ್ರಾಣ, ವರ್ಷಕ್ಕೊಮ್ಮೆ ಅಣ್ಣನ ಮನೆಯಿಂದ ಚೀಲ ಬರುತ್ತಿತ್ತು. ಬೆಳಿಗ್ಗೆ ಚಪಾತಿ, ಸೋಮವಾರ ಅತ್ತೆಯ ಒಪ್ಪತ್ತು, ಅವತ್ತು ಅನ್ನ ಉಣ್ಣಬಾರದು ಅಂತ ರವೆ ಉಪ್ಪಿಟ್ಟು. ಮಗುವಿಗೆ ಜಡ್ಡು ಅಂತ ನೋಡಲು ಬಂದವರೆಲ್ಲ ತರುತ್ತಿದ್ದುದು ಬ್ರೆಡ್ಡು ಬಿಸ್ಕೀಟು. ನಮ್ಮೂರಲ್ಲಿ ಜಡ್ಡಿನವರಿಗೆ ಬ್ರೆಡ್ಡು ಹಾಲು ಕೊಡದಿದ್ದರೆ ಆರೈಕೆ ಮಾಡಿದ ಹಾಗೇ ಅಲ್ಲವಲ್ಲ! ಮಗು ಸೊರಗಿದಷ್ಟೂ ಬ್ರೆಡ್ಡು ಜಾಸ್ತಿ, ಬ್ರೆಡ್ಡು ಜಾಸ್ತಿಯಾದಷ್ಟೂ ಮಗು ಸೊರಗುವುದು.

ಡಾಕ್ಟ್ರಮ್ಮ ನಾದಿಟ್ಟ ಕಣಕದ ಒಂದು ಉಂಡೆ ತೆಗೆದುಕೊಂಡು ಬೋಗುಣಿಯ ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರು. ಬಿಳೀ ಹಾಲೆಲ್ಲ ಹರಿದು ಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯಿತು. ಎಳೆದರೆ ಎಳೆಯುತ್ತಿತ್ತು, ಹರಿಯುತ್ತಿರಲಿಲ್ಲ. ಜೋಳದ ಹಿಟ್ಟಿನ ಉಂಡೆಯನ್ನೂ ಹಾಗೇ ತೊಳೆದರು, ಕೈಯಲ್ಲಿ ಏನೂ ಉಳಿಯಲಿಲ್ಲ. "ಗೋಧಿಯಾಗಿನ ಈ ಜಿಗಿ ಐತಲ್ಲ, ಇದು ಇದ್ದದ್ದಕ್ಕ ಹೋಳಿಗಿ ಕಣಕ ಎಳೀತೈತಿ. ಸಾವಿರ ಮಂದಿ ತಿಂದು ಅರಗಿಸ್ಕೊಂತಾರ. ಯಾರೋ ಒಬ್ಬರಿಗೆ ಮಾತ್ರ ಇದು ಕರುಳನ್ನ ಸವಸಿಬಿಡತೈತಿ. ಓದಿದ್ದೆ, ಕಂಡಿರಲಿಲ್ಲ. ಗಿರಿಜಾಗ ಅದೇ ಅಂತ ಹೇಳ್ತಿಲ್ಲ, ಅನುಮಾನ ಅಷ್ಟ." ಅತ್ತೆ ಆ ರಬ್ಬರಿನ ಮುದ್ದೆಯನ್ನೇ ನೋಡುತ್ತಿದ್ದರು. "ಯಪ್ಪಾ, ಇದನ್ನ ಕೂಸಿನ ಹೊಟ್ಟಿಗೆ ಹಾಕ್ತಿದ್ವೇನು!"

ಆಸ್ಪತ್ರೆಯ ಹಿರಿಯರೊಬ್ಬರು ಇದನ್ನು ಕೇಳಿ "ಜೋಳ ತಿನ್ನೋ ಊರಾಗ ಗೋಧಿ ರೋಗ ಹುಡುಕ್ತೀರೇನ್ರಿ?" ಅಂತ ನಕ್ಕರಂತೆ. ಡಾಕ್ಟ್ರಮ್ಮನ ಜೊತೆ ಓದಿದ ಗೆಳತಿಯೊಬ್ಬರು ಬೊಂಬಾಯಿಯಲ್ಲಿದ್ದರು. ಅಲ್ಲಿ ಇದಕ್ಕೊಂದು ಹೊಸ ರಕ್ತ ಪರೀಕ್ಷೆ ಆಗ ತಾನೇ ಶುರುವಾಗಿತ್ತು. ಗೆಳತಿ ದಸರೆಯ ನಂತರ ಈ ಕಡೆ ಬರುವವರಿದ್ದರು, ರಕ್ತವನ್ನು ಐಸಿನಲ್ಲಿಟ್ಟು ಒಯ್ಯುತ್ತೇನೆ ಅಂದಿದ್ದರು. ಅಲ್ಲಿಯ ತನಕ ಕಾಯಬೇಕು. "ನೆನಪಿಟ್ಕೊಳ್ರಿ, ರಕ್ತ ತೆಗೆಯೋತನಕ ಊಟದಾಗ ಏನೂ ಬದಲಿ ಮಾಡಬ್ಯಾಡ್ರಿ," ಅಂತ ಡಾಕ್ಟ್ರಮ್ಮ ಎಲ್ಲರ ಮುಂದೆ ಹೇಳಿದರು. ಎಲ್ಲರೂ ಹೂಂ ಅಂದೆವು.

ದಸರೆ ಹತ್ತಿರ ಬರುವ ಹೊತ್ತಿಗೆ ಗಿರಿಜಾಳ ಮುಖದಲ್ಲಿ ಕಳೆ ಬಂದಿತ್ತು. ನಾನು ಶಾಲೆಗೆ ಹೋದರೆ ಬರುವುದು ಸಂಜೆ, ರಾತ್ರಿಯೂ ಮಗು ಉಣ್ಣುತ್ತಿದ್ದುದು ಅಜ್ಜಿಯ ತೊಡೆಯ ಮೇಲೆಯೇ. ಹೊಸ ಟಾನಿಕ್ಕು ಹತ್ತಿತು ಅಂದುಕೊಂಡು ದೇವರಿಗೆ ಕೈ ಮುಗಿದೆ. ಗೆಳತಿ ಬಂದ ದಿನ ಗುಂತಕಲ್ಲಿನಲ್ಲಿ ಬೊಂಬಾಯಿ ಗಾಡಿ ಹಿಡಿಯುವ ಅವಸರ. ಡಾಕ್ಟ್ರಮ್ಮ ಓಡುತ್ತ ಬಂದು, "ಅಬ್ಬೋ, ಗಲ್ಲ ನೋಡು ಗಲ್ಲ!" ಅಂತ ಮಗುವಿನ ಕೆನ್ನೆ ಹಿಂಡಿ, ರಕ್ತ ತೆಗೆದುಕೊಂಡು ಓಡಿದರು.

ಉತ್ತರ ಬರಲು ಬಹಳ ದಿನ ಹಿಡಿಯಿತು. ಬಂದಾಗ ನಮಗೆಲ್ಲ ಕಾಗದ ಬಿಡಿಸಿ ತೋರಿಸಿದರು. ಒಂದು ಕಡೆ ಗಿರಿಜಾಳ ರಕ್ತದ ಅಂಕಿ, ಪಕ್ಕದಲ್ಲಿ ಸಾಮಾನ್ಯರಲ್ಲಿ ಇಷ್ಟಿರಬಹುದು ಅನ್ನುವ ಅಂಕಿ. ಗಿರಿಜಾಳದ್ದು ಅದರ ಒಳಗೇ ಇತ್ತು. ಕೆಳಗೆ ನೆಗೆಟಿವ್ ಅಂತ ಟೈಪು ಮಾಡಿತ್ತು. "ನೆಗೆಟಿವ್ ಅಂದ್ರ ಇಲ್ಲ ಅಂತ, ಅವ್ವಾ," ಅಂದರು ನಮ್ಮ ಮನೆಯವರು. ಅತ್ತೆ ಕುರುಗೋಡಿನ ಬಸವಣ್ಣನಿಗೆ ಕೂತಲ್ಲೇ ಅಡ್ಡಬಿದ್ದರು, ಡಾಕ್ಟ್ರಮ್ಮನನ್ನು ಮರುದಿನ ಊಟಕ್ಕೆ ಕರೆದರು. ನಾನು ಮಾತ್ರ ಆ ಕಾಗದವನ್ನು ಮತ್ತೊಮ್ಮೆ ಓದಿದೆ. ಗೋಧಿ ಅಲ್ಲ, ನೀರಲ್ಲ. ಹಾಗಾದರೆ ಈ ಮನೆಯೇ ಒಗ್ಗದು ಅಂತಾಯಿತಲ್ಲ, ಇನ್ನು ಮಗಳನ್ನು ಕಳಿಸುವುದೇ ಗತಿ.

ಹೋಳಿಗೆ ಊಟ. ಡಾಕ್ಟ್ರಮ್ಮ ಎಂದಿನಂತೆ ಇರಲಿಲ್ಲ, ಬಡಿಸಿದ್ದನ್ನು ಸುಮ್ಮನೆ ತಿನ್ನುತ್ತಿದ್ದರು. ಪಕ್ಕದಲ್ಲಿ ಕೂತ ಗಿರಿಜಾ ಕೈ ಬಾಯಿ ಎಲ್ಲ ತುಪ್ಪ ಮಾಡಿಕೊಂಡು ತಿನ್ನುವುದನ್ನು ನೋಡಿ, "ಹೆಂಗೈತವ್ವಾ ಹೋಳಿಗಿ?" ಅಂದರು.

"ಚಲೋ ಐತಿ. ಅಜ್ಜಿ ಎಷ್ಟು ದಿನ ಆದ ಮ್ಯಾಲೆ ಕೊಟ್ಲು! ರಕ್ತದ ಕಾಗದ ಬಂತಲ್ಲ, ಇನ್ನ ಬ್ರೆಡ್ಡೂ ಕೊಡ್ತೀನಿ ಅಂದಾಳ."

ಡಾಕ್ಟ್ರಮ್ಮನ ಕೈ ಎಲೆಯ ಮೇಲೇ ನಿಂತಿತು. "ಪೆದ್ದಮ್ಮಾ, ಏನು ಹೇಳ್ತೈತಿ ಕೂಸು?"

ಅತ್ತೆ ಮುಚ್ಚಿಡುವ ಹೆಂಗಸಲ್ಲ. ಎದೆ ಸೆಟೆಸಿಯೇ ಹೇಳಿದರು. "ಹೌದು, ನಾನ ಬಿಡಿಸಿದೆ. ಆ ಜಿಗಿ ನೋಡಿದ ದಿನದಿಂದ ಒಂದು ತುತ್ತು ಗೋಧಿ ಹಾಕಿಲ್ಲ. ದಿನಾ ಖರ್ಜೂರ, ದಾಳಂಬ್ರಿ, ಅಕ್ಕಿ ಗಂಜಿ. ಹೆಣ್ಣು ನೋಡಾಕ ಬರ್ತಾರ ಅಂದ್ರ ಮಾರಿ ತೊಳದು, ತಲಿ ಹಿಕ್ಕಿ ಕುಂದ್ರಸ್ತೀವೋ ಇಲ್ಲೋ? ನಮ್ಮ ಹುಡುಗಿ ರಗತ ಬೊಂಬಾಯಿತನಕ ಹೋಗೋದು, ಹತ್ತು ಮಂದಿ ದೊಡ್ಡ ದೊಡ್ಡ ಡಾಕ್ಟ್ರು ನೋಡೋದು. ಹೊಲಸು ರಗತಾನ ಕಳಸ್ಲೇನು? ಯಾರ ಮನಿತನದ್ದು ಅಂತಾರ?"

ಡಾಕ್ಟ್ರಮ್ಮ ನಕ್ಕರು ನೋಡಿ! ಕನ್ನಡಕ ತೆಗೆದಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ ತಮ್ಮ ಹಣೆ ತಾವೇ ಬಡಿದುಕೊಂಡರು. "ಊರ ಮಂದಿನೆಲ್ಲ ಹಿಡಿದು ನಿಲ್ಲಿಸಿ ಏನು ಉಂಡ್ರಿ ಅಂತ ಕೇಳೋಳು ನಾನು. ಕೇಳಬೇಕಾದ ದಿನ ಕೇಳಲಿಲ್ಲ. ತಪ್ಪು ನಿಮ್ಮದಲ್ಲ ಪೆದ್ದಮ್ಮಾ, ನಂದು."

"ಬಿಟ್ಟಿದ್ದು ತಪ್ಪೇನು? ರಗತ ಚಲೋ ಆತಲ್ಲ?"

"ಅಲ್ಲೇ ಐತಿ ನೋಡ್ರಿ. ನಾಯಿ ಯಾವಾಗ ಬೊಗಳತೈತಿ?"

"ಕಳ್ಳ ಬಂದಾಗ."

"ನಾವು ಹುಡುಕಿದ್ದು ಗೋಧಿನಲ್ಲ. ಗೋಧಿ ಬಂದಾಗ ಇವಳ ರಕ್ತ ಬೊಗಳತೈತೋ ಇಲ್ಲೋ ಅಂತ. ಮಾಮೂಲಿ ಮಂದಿ ರಕ್ತ ಗೋಧಿಗೆ ಬೊಗಳಂಗಿಲ್ಲ, ಈ ರೋಗ ಇದ್ದೋರದ್ದು ಬೊಗಳತೈತಿ. ನೀವು ಕಳ್ಳನ್ನ ತಿಂಗಳಗಟ್ಲೆ ಹೊರಗ ಇಟ್ರಿ. ನಾಯಿ ಬೊಗಳೋದು ಮರತು ಮಲಗಿತು. ಆವಾಗ ಹೋಗಿ ಕೇಳಿದ್ವಿ, ಬೊಗಳಾಕತ್ತೈತೇನು ಅಂತ. ಇಲ್ಲ ಅಂದ್ರು. ಇದರ ಅರ್ಥ ಏನು? ರೋಗ ಇಲ್ಲ ಅಂತಾನೂ ಅಲ್ಲ, ಐತಿ ಅಂತಾನೂ ಅಲ್ಲ. ಮಾರಿ ತೊಳದು ಕಳಿಸಿದ ರಕ್ತ ಇದು!"

ಎಲ್ಲರ ಕಣ್ಣೂ ಗಿರಿಜಾಳ ಎಲೆಯ ಕಡೆಗೆ ಹೋಯಿತು. ಅರ್ಧ ಹೋಳಿಗೆ ಉಳಿದಿತ್ತು. ನಾನು ಕೈ ಚಾಚಿ ಎತ್ತಿಕೊಂಡೆ, ಮಗು ಕಿರುಚಿತು.

ನಮ್ಮ ಮನೆಯವರು, "ಹಂಗಾರ ಸುಲಭ ಆತಲ್ಲ. ಗೋಧಿ ಬಿಟ್ರ ಮೈ ಹಿಡೀತೈತಿ ಅಂತ ಕಂಡೇ ಐತಿ. ಬಿಟ್ಟುಬಿಡೋಣ. ಮತ್ತ ಯಾಕ ರಕ್ತ ಗಿಕ್ತ?" ಅಂದರು. ನಾನೂ ಅದೇ ಅಂದೆ. ಗೊತ್ತಿದ್ದೂ ಗೊತ್ತಿದ್ದೂ ಮಗುವಿಗೆ ಗೋಧಿ ತಿನ್ನಿಸಿ, ಹೊಟ್ಟೆ ಉಬ್ಬುವುದನ್ನು ನೋಡುತ್ತ ಕೂರುವುದು ಯಾವ ತಾಯಿಯಿಂದ ಆದೀತು? ಡಾಕ್ಟ್ರಮ್ಮ ತಲೆ ತಗ್ಗಿಸಿದರು. "ನಾ ಇದರಾಗ ಏನೂ ಹೇಳಂಗಿಲ್ಲ. ನನಗ ತಿಳಕೋಬೇಕು ಅನ್ನೋ ಚಟ ಐತಿ. ನಾ ಬಾಯಿ ಬಿಟ್ರ ಆ ಚಟಾನೇ ಮಾತಾಡ್ತೈತಿ. ಕೂಸು ನಿಮ್ಮದು." ಅವರನ್ನು ನಾನು ಹೆಚ್ಚು ಗೌರವಿಸಿದ್ದು ಈ ಮಾತಿಗೆ.

ಆಗ ಅತ್ತೆ ಕೇಳಿದರು. "ರೋಗ ಇದ್ರ ಗೋಧಿ ಎಷ್ಟು ದಿನ ಬಿಡಬೇಕು?"

"ಜೀವ ಇರೋತನಕ."

"ಒಂದು ತುಣುಕು ತಿಂದ್ರ?"

"ತಿನಬಾರದು. ಹೊರಗ ಏನೂ ಕಾಣ್ದಿದ್ರೂ ಒಳಗ ಸವೀತೈತಿ."

ಅತ್ತೆ ಎಲೆಯ ಮೇಲಿನ ಅನ್ನ ಕಲಸುತ್ತಲೇ ಮಾತಾಡಿದರು. "ನಾ ಇರೋತನಕ ಕಾಯ್ತೀನಿ. ಇವರವ್ವ ಕಾಯ್ತಾಳ. ನಾಳೆ ಗಂಡನ ಮನಿಗೆ ಹೋಗ್ತೈತಿ. ಚಪಾತಿ ಒಲ್ಲೆ, ಉಪ್ಪಿಟ್ಟು ಒಲ್ಲೆ, ಹಬ್ಬದ ಹೋಳಿಗಿ ಒಲ್ಲೆ ಅಂತ ಸೊಸಿ ಅಂದ್ರ ಯಾವ ಅತ್ತಿ ಕೇಳ್ಯಾಳು? ನಾನ ಕೇಳ್ತಿದ್ದಿಲ್ಲ. ನಖರಾ ಮಾಡ್ತಾಳ ಅಂತ ಬಾಯಿಗೆ ತುರುಕಿ ತಿನಿಸ್ತಿದ್ದೆ. ಅತ್ತಿ ಅಂದ್ರ ಏನು ಅಂತ ನನಗ ಗೊತ್ತಿಲ್ಲೇನು?" ಎಂದು ನನ್ನ ಕಡೆ ನೋಡಿದರು. ನಾನು ಅವರ ಎಲೆಗೆ ತುಪ್ಪ ಬಡಿಸಿದೆ. "ಅನುಮಾನ ಅಂದ್ರ ಯಾರೂ ಕೇಳಂಗಿಲ್ಲ ಡಾಕ್ಟ್ರಮ್ಮ. ಖಾತ್ರಿ ಆಗಬೇಕು. ರಗತ ಹೂಂ ಅಂದ್ರ ಕೂಸು ಈ ಮನ್ಯಾಗ ಇರ್ತೈತಿ, ನಾ ನೋಡ್ಕೊಂತೀನಿ. ಇಲ್ಲ ಅಂದ್ರ ಸಿರುಗುಪ್ಪಕ್ಕ ಹೋಗ್ತೈತಿ. ಹೆತ್ತಾಕಿ ಕೈಲೆ ಆಗಂಗಿಲ್ಲ. ಬಿಡಿಸಿದಾಕಿ ನಾನು, ತಿನಿಸಾಕಿನೂ ನಾನ."

ಹಾಗೆ ಶುರುವಾಯಿತು. ಆ ಚಳಿಗಾಲ ನಾನು ಹೇಗೆ ಕಳೆದೆ ಅಂತ ಹೇಳಲಾರೆ. ಅತ್ತೆ ದಿನಾ ಚಪಾತಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವರು, ತಿನ್ನಿಸಿ ಹಿತ್ತಲಿಗೆ ಹೋಗಿ ಒಬ್ಬರೇ ನಿಲ್ಲುವರು. ಸೋಮವಾರದ ಒಪ್ಪತ್ತಿನ ದಿನ ತಾವು ಬರೀ ನೀರು ಕುಡಿದು ಮಲಗುವರು. ಗಲ್ಲ ಇಳಿಯಿತು, ಹೊಟ್ಟೆ ಏರಿತು. ಡಾಕ್ಟ್ರಮ್ಮ ದಿನಾ ಕೆಳಗೆ ಬಂದು ಮಗುವನ್ನು ತೂಗಿ ನೋಡುವರು. ಓಣಿಯಲ್ಲಿ ಅವರು ಯಾರನ್ನೂ ಏನು ಉಂಡಿರಿ ಅಂತ ಕೇಳುವುದೇ ನಿಂತುಹೋಯಿತು. ರಗತದಮ್ಮಗೆ ಏನಾತು ಅಂತ ಗಂಡಸರಿಗೂ ಚಿಂತೆ ಹತ್ತಿತು. "ನಾಳೆ ನಿಲ್ಲಿಸಿಬಿಡೋಣ ಪೆದ್ದಮ್ಮಾ," ಅಂತ ಎಷ್ಟೋ ಸಲ ಅಂದರು. ಅತ್ತೆ ಕೇಳಲಿಲ್ಲ. ಒಂದು ಸಂಜೆ ಗಿರಿಜಾ ಡಾಕ್ಟ್ರಮ್ಮನ ಮಡಿಲಲ್ಲಿ ಮಲಗಿ, "ಡಾಕ್ಟ್ರಮ್ಮಾ, ನನ್ನ ರಕ್ತ ಇನ್ನೂ ಎದ್ದಿಲ್ಲೇನು?" ಅಂದಳು. ಡಾಕ್ಟ್ರಮ್ಮ ಎದ್ದು ಮೇಲೆ ಹೋಗಿ ತಮ್ಮ ಪೆಟ್ಟಿಗೆ ಕಟ್ಟಿದರು. "ಸಾಕು. ಎದ್ದಿರಬೇಕು. ಬೊಂಬಾಯಿಗೆ ನಾವೇ ಹೋಗೋಣ."

ಹೋದೆವು, ಅವರು, ನಾನು, ಗಿರಿಜಾ. ಅಲ್ಲಿ ರಕ್ತ ತೆಗೆದರು. ಬಾಯಿಂದ ನಳಿಕೆ ಇಳಿಸಿ ಕರುಳಿನ ಒಂದು ಸಣ್ಣ ಚೂರನ್ನೂ ತೆಗೆದರು, ರಕ್ತ ಒಂದರ ಮಾತು ಸಾಲದಂತೆ. ಆವತ್ತು ಡಾಕ್ಟ್ರಮ್ಮ ಮಗುವಿನ ಕೈ ಹಿಡಿದು ನಿಂತಿದ್ದರು, ನಾನು ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಮುಗಿದ ಕೂಡಲೇ ಗೋಧಿ ಬಂದ್ ಮಾಡಿ ಊರಿಗೆ ಬಂದೆವು.

ಉತ್ತರ ಬರುವ ಹೊತ್ತಿಗೆ ಮೇ ತಿಂಗಳು. ಶಾಲೆ ತೆರೆಯುವ ಮೊದಲು ಮೊಮ್ಮಗಳನ್ನು ಕರೆದೊಯ್ಯಬೇಕಾಗಬಹುದು ಅಂತ ನಮ್ಮಪ್ಪ ಹಿಂದಿನ ದಿನವೇ ಬಂದು ಕೂತಿದ್ದರು. ಗಿರಿಜಾ ಬೆಳಗಿನಿಂದ ಕದದ ಹಿಂದೆ ಅಡಗಿದ್ದಳು. ಡಾಕ್ಟ್ರಮ್ಮ ಲಕೋಟೆ ಹಿಡಿದು ಆಸ್ಪತ್ರೆಯಿಂದ ನಡು ಮಧ್ಯಾಹ್ನ ಬಂದರು. ಬೆವರು ಇಳಿಯುತ್ತಿತ್ತು. ಸಾಮಾನ್ಯರದ್ದು ಇಷ್ಟು, ಇವಳದ್ದು ಇಷ್ಟು ಅಂತ ಬೆರಳಿಟ್ಟು ತೋರಿಸಿದರು. ಗಿರಿಜಾಳ ಅಂಕಿ ಎಷ್ಟೋ ಪಟ್ಟು ಮೇಲಿತ್ತು. ಕರುಳಿನ ಚೂರೂ ಅದನ್ನೇ ಹೇಳಿತ್ತು. "ಪಾಸಿಟಿವ್," ಅಂದರು.

"ಪಾಸಾತೇನು?" ಅಂದರು ಅತ್ತೆ.

ಡಾಕ್ಟ್ರಮ್ಮ ತಿದ್ದಲಿಲ್ಲ. "ಆತು ಪೆದ್ದಮ್ಮಾ. ಪಾಸಾದ್ಲು."

ಮಗಳಿಗೆ ಸಾಯುವ ತನಕ ಇರುವ ರೋಗ ಖಾತ್ರಿಯಾದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಅತ್ತೆವು, ಸಂತೋಷಕ್ಕೆ. ಇಂಥದ್ದೂ ಇರುತ್ತದೆ ನೋಡಿ ಲೋಕದಲ್ಲಿ. ಅಪ್ಪ ಏನೂ ತಿಳಿಯದೆ ಎಲ್ಲರ ಮುಖ ನೋಡುತ್ತ ಕೂತಿದ್ದರು. "ಮತ್ತ... ಕೂಸನ್ನ ಕರಕೊಂಡು ಹೋಗ್ಲೋ ಬ್ಯಾಡೋ?" ಅಂದರು.

ಅತ್ತೆ ಉಗ್ರಾಣಕ್ಕೆ ಹೋದರು. ಆ ವರ್ಷ ಕುರುಗೋಡಿನಿಂದ ಬಂದ ಗೋಧಿಯ ಚೀಲವನ್ನು ದರದರ ಎಳೆದುಕೊಂಡು ಪಡಸಾಲೆಗೆ ಬಂದರು. ಇನ್ನೊಂದು ತುದಿಗೆ ಡಾಕ್ಟ್ರಮ್ಮ ಓಡಿ ಹೋಗಿ ಕೈ ಹಚ್ಚಿದರು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ತಂದು ಅಪ್ಪನ ಕಾಲ ಬಳಿ ಇಟ್ಟರು.

"ಬೀಗ್ರ," ಅಂದರು ಅತ್ತೆ, "ಬರಿಗೈಲೆ ಹೋಗಬ್ಯಾಡ್ರಿ. ನನ್ನ ತವರಿನ ಗೋಧಿ ಐತಿ, ಇದನ್ನ ಒಯ್ರಿ. ಕೂಸು ಇಲ್ಲೇ ಇರ್ತೈತಿ."

ಗಿರಿಜಾ ಕದದ ಹಿಂದಿನಿಂದ ಮೆಲ್ಲಗೆ ಹೊರಗೆ ಬಂದಳು. ಚೀಲ ನೋಡಿದಳು, ಅಜ್ಜನನ್ನು ನೋಡಿದಳು. ಹೋಗುವುದು ಚೀಲ, ತಾನಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಬೀದಿಗೆ ಆಡಲು ಓಡಿದಳು.